ಹಳೆಯ ಕಾರಿನ ಡಿಕ್ಕಿ ಬಾಗಿಲು ಓರೆಯಾಗಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಮಾರದೆ ಉಳಿಸಿಕೊಂಡ ಮನೆಗಳಿವೆ. ಅಂಥವರು ಎಂಜಿನ್ ಬಗ್ಗೆ ಕೇಳುವಷ್ಟೇ ಸಲ ಡಿಕ್ಕಿಯ ಬಗ್ಗೆಯೂ ಕೇಳುತ್ತಾರೆ: ಒಂದು ಕಡೆ ಸಂದು ಅಗಲ, ಇನ್ನೊಂದು ಕಡೆ ಬಣ್ಣ ಉಜ್ಜಿಹೋಗಿದೆ, ಮುಚ್ಚಬೇಕಾದರೆ ಮೇಲೆ ಕುಳಿತು ಒತ್ತಬೇಕು. ಫೋನಿನಲ್ಲಿ, ಪತ್ರಗಳಲ್ಲಿ, ಗ್ಯಾರೇಜಿನ ಮುಂದೆ ನಿಂತು ಮಾತನಾಡುವಾಗ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. ನನ್ನ ಉತ್ತರಗಳ ಹಿಂದೆ ಒಂದೇ ನಂಬಿಕೆ ಇದೆ: ಹೆಚ್ಚಿನ ಸಲ ತಪ್ಪು ಬಾಗಿಲಿನದಲ್ಲ, ಅದನ್ನು ಹಿಡಿದು ನಿಲ್ಲಿಸಿದವುಗಳದ್ದು. ಆದ್ದರಿಂದ ಬಾಗಿಲಿಗೆ ಸುತ್ತಿಗೆ ಮುಟ್ಟಿಸುವುದು ಕಟ್ಟಕಡೆಯ ಕೆಲಸ.

## ಮೊದಲು ತಿಳಿಯಬೇಕಾದದ್ದು

ಡಿಕ್ಕಿ ಮುಚ್ಚುತ್ತದೆ, ಬೀಗವೂ ಬೀಳುತ್ತದೆ. ಸ್ವಲ್ಪ ಓರೆಯಾಗಿದ್ದರೆ ಏನು ತೊಂದರೆ?

ತೊಂದರೆ ಇದೆ, ಅದು ಅಂದಚಂದದ್ದಷ್ಟೇ ಅಲ್ಲ. ಕಾರು ಓಡುವಾಗ ಅದರ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ರಸ್ತೆಯ ಧೂಳು ಸುತ್ತಿಕೊಂಡು ಹಿಂಭಾಗಕ್ಕೇ ಬಂದು ಬಡಿಯುತ್ತದೆ. ಸಂದು ಇದ್ದರೆ ಒಳಗೆ ನುಗ್ಗುತ್ತದೆ. ಜೇವರ್ಗಿ ಕಡೆಯ ಹೊಲದ ದಾರಿಯಲ್ಲಿ ಒಮ್ಮೆ ಹೋಗಿಬಂದು ಡಿಕ್ಕಿ ತೆರೆದು ನೋಡಿ. ರಬ್ಬರ್ ಎಲ್ಲಿ ಕೂತಿಲ್ಲವೋ ಅಲ್ಲಿಂದ ಒಳಕ್ಕೆ ಬೀಸಣಿಗೆಯಾಕಾರದಲ್ಲಿ ಧೂಳು ಹರಡಿರುತ್ತದೆ.

ಧೂಳು ಬಂದ ದಾರಿಯಲ್ಲೇ ಸೈಲೆನ್ಸರಿನ ಹೊಗೆಯೂ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಳೆಯ ಕಾರುಗಳಲ್ಲಿ ಹಿಂದಿನ ಸೀಟಿಗೂ ಡಿಕ್ಕಿಗೂ ನಡುವಿನ ತಡೆ ಗಟ್ಟಿಯಾಗಿರುವುದಿಲ್ಲ, ಹೀಗಾಗಿ ಅನಿಲ ನೇರವಾಗಿ ಹಿಂದೆ ಕುಳಿತವರನ್ನು ಮುಟ್ಟುತ್ತದೆ. ದೂರ ಪ್ರಯಾಣದಲ್ಲಿ ಹಿಂದಿನ ಸೀಟಿನ ಮಕ್ಕಳಿಗೆ, ಹಿರಿಯರಿಗೆ ತಲೆನೋವು, ವಾಕರಿಕೆ ಬಂದರೆ ‘ಗಾಡಿ ಹತ್ತಿದರೆ ಹೀಗೇ’ ಎಂದು ತಳ್ಳಿಹಾಕಬೇಡಿ. ಕಾರು ನಿಲ್ಲಿಸಿ, ಎಲ್ಲರನ್ನೂ ಹೊರಗಿನ ಗಾಳಿಗೆ ಇಳಿಸಿ. ಡಿಕ್ಕಿಯ ರಬ್ಬರ್, ಸೈಲೆನ್ಸರ್ ಎರಡನ್ನೂ ನೋಡಿಸುವವರೆಗೆ ಆ ಕಾರಿನಲ್ಲಿ ದೂರ ಹೋಗಬೇಡಿ.

ಬಿಸಿಲಿಗೆ ತಗಡು ಹಿಗ್ಗಿ ಹೀಗಾಗಿದೆ, ಮಳೆಗಾಲಕ್ಕೆ ತಾನೇ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?

ನಮ್ಮ ಮೇ ತಿಂಗಳ ಬಿಸಿಲು ನೋಡಿದರೆ ಯಾರಿಗಾದರೂ ಹಾಗೆನಿಸುತ್ತದೆ, ಆದರೆ ಲೆಕ್ಕ ಒಪ್ಪುವುದಿಲ್ಲ. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 1,200 ಮಿ.ಮೀ. ಅಗಲದ ಬಾಗಿಲು ಬೆಳಗಿನ ತಂಪಿಗಿಂತ 40 ಡಿಗ್ರಿ ಹೆಚ್ಚು ಕಾದರೂ ಹಿಗ್ಗುವುದು 0.6 ಮಿ.ಮೀ. ಒಳಗೆ. ಸುತ್ತಲಿನ ಬಾಡಿಯೂ ಜೊತೆಗೇ ಕಾಯುವುದರಿಂದ ಸಂದಿನಲ್ಲಿ ಆಗುವ ವ್ಯತ್ಯಾಸ ಅದಕ್ಕಿಂತಲೂ ಕಡಿಮೆ. ನಾಲ್ಕು ಮಿ.ಮೀ. ಓರೆಗೆ ಬಿಸಿಲನ್ನು ದೂರುವುದು ಸರಿಯಲ್ಲ. ಬಿಸಿಲು ಹಾಳುಮಾಡುವುದು ರಬ್ಬರನ್ನು. ಅದು ಗಡುಸಾಗಿ, ಬಿರುಕುಬಿಟ್ಟು, ಮುಚ್ಚಿದಾಗ ಒತ್ತಿಕೊಳ್ಳುವುದನ್ನೇ ಬಿಟ್ಟುಬಿಡುತ್ತದೆ.

ಹಾಗಾದರೆ ಓರೆಯಾಗುವುದು ಯಾವುದರಿಂದ?

ನಮ್ಮ ಕಡೆ ಮೊದಲ ಕಾರಣ ಹೊರೆ. ತೊಗರಿ ರಾಶಿಯ ದಿನಗಳಲ್ಲಿ ಡಿಕ್ಕಿಗೆ ಚೀಲ ತುಂಬಿ, ಬಾಗಿಲು ಮುಚ್ಚಲಾಗದೆ ಬಂಪರಿಗೆ ಹಗ್ಗ ಕಟ್ಟಿ ಗಂಜಿಗೆ (ಧಾನ್ಯದ ಮಾರುಕಟ್ಟೆಗೆ) ಒಯ್ದ ಕಾರುಗಳು ಎಷ್ಟೋ ಇವೆ. ಅರ್ಧ ತೆರೆದ ಬಾಗಿಲನ್ನು ಹಗ್ಗ ಕೆಳಕ್ಕೆ ಎಳೆಯುತ್ತದೆ, ಚೀಲ ಮೇಲಕ್ಕೆ ಒತ್ತುತ್ತದೆ, ಪ್ರತಿ ಗುಂಡಿಯಲ್ಲೂ ಪೆಟ್ಟು ಹೋಗಿ ಬೀಳುವುದು ಹಿಂಜಿನ ಮೇಲೆ, ಅಂದರೆ ಬಾಗಿಲು ತಿರುಗುವ ಕೀಲಿನ ಮೇಲೆ. ಹಿಂಜಿನ ತೋಳು ಬಾಗುತ್ತದೆ, ಇಲ್ಲವೇ ಅದನ್ನು ಕೂರಿಸಿದ ತಗಡು ಸೊಟ್ಟಗಾಗುತ್ತದೆ.

ಉಳಿದ ಕಾರಣಗಳು: ಬಾಗಿಲಿನ ಒಂದೇ ಮೂಲೆ ಹಿಡಿದು ಜೋರಾಗಿ ಬಡಿಯುವ ಅಭ್ಯಾಸ, ಸವೆದ ಹಿಂಜಿನ ಪಿನ್, ಅಳತೆಗೆ ಹೊಂದದ ರಬ್ಬರ್, ಹಿಂದಿನಿಂದ ಬಿದ್ದ ಗುದ್ದು, ಮತ್ತು ಕಣ್ಣಿಗೆ ಕಾಣದೆ ತಿನ್ನುವ ತುಕ್ಕು.

ಸಂದು ಎಷ್ಟಿರಬೇಕು? ಹೊಸ ಕಾರುಗಳಂತೆ ಕೂದಲೆಳೆಯಷ್ಟು ಮಾಡಿಸಬಹುದೇ?

ಬೇಡ. ಈ ಕಾರುಗಳನ್ನು ಈಗಿನ ಯಂತ್ರಗಳ ನಿಖರತೆಯಲ್ಲಿ ಮಾಡಿದ್ದಲ್ಲ. ಅಂಬಾಸಿಡರ್ ಮೂಲತಃ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರು. ಅದೇ ಆಕಾರ 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಯಿತು. ಪದ್ಮಿನಿ ಫಿಯೆಟ್ 1100ರ ಕೂಸು. ಇವುಗಳಲ್ಲಿ 4ರಿಂದ 6 ಮಿ.ಮೀ. ಸಂದು ಇದ್ದರೆ ಚೆನ್ನಾಗಿಯೇ ಇದೆ ಎನ್ನಬಹುದು. ಎಷ್ಟಿದೆ ಎನ್ನುವುದಕ್ಕಿಂತ ಎಡಬಲ ಸಮವಾಗಿದೆಯೇ, ಮೇಲಿನಿಂದ ಕೆಳಗಿನವರೆಗೆ ಒಂದೇ ಆಗಿದೆಯೇ ಎಂಬುದು ಮುಖ್ಯ. ತೀರಾ ಕಿರಿದು ಮಾಡಿಸಿದರೆ ರಸ್ತೆಯಲ್ಲಿ ಬಾಡಿ ತುಸು ತಿರುಚಿದಾಗ ಅಂಚು ಅಂಚಿಗೆ ತಾಗಿ ಬಣ್ಣ ಎದ್ದುಹೋಗುತ್ತದೆ.

ಅಳೆಯಲು ಡ್ರಿಲ್ ಬಿಟ್ಟಿನ ಹಿಂಬದಿಯ ನುಣುಪು ಭಾಗ ಸಾಕು. 4, 5, 6 ಮಿ.ಮೀ. ಬಿಟ್ಟುಗಳಿಗೆ ಒಂದು ಸುತ್ತು ಟೇಪ್ ಸುತ್ತಿ ಸಂದಿನೊಳಗೆ ಜಾರಿಸಿ ನೋಡಿ. ಬರಿಗಣ್ಣನ್ನು ನೆಚ್ಚಬೇಡಿ, ಕ್ರೋಮ್ ಪಟ್ಟಿ, ನಂಬರ್ ಪ್ಲೇಟು ಓರೆಯಾಗಿದ್ದರೂ ಬಾಗಿಲೇ ಓರೆಯಾದಂತೆ ಕಾಣುತ್ತದೆ.

## ಮನೆಯ ಅಂಗಳದಲ್ಲೇ ಮಾಡಬಹುದಾದದ್ದು

ಇದನ್ನು ನಾನೇ ಮಾಡಿಕೊಳ್ಳಬಹುದೇ? ಯಾವ ಪಾನಾ ಬೇಕು?

ತುಕ್ಕು, ಗುದ್ದು ಇಲ್ಲದಿದ್ದರೆ ಧಾರಾಳವಾಗಿ ಮಾಡಬಹುದು, ಆದರೆ ಒಬ್ಬರೇ ಅಲ್ಲ. ಬಾಗಿಲು ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಪದ್ಮಿನಿಗೆ ಮಿ.ಮೀ. ಅಳತೆಯ ಪಾನಾ ನಡೆಯುತ್ತದೆ. ಅಂಬಾಸಿಡರಿನ ಮೂಲ ಬೋಲ್ಟುಗಳು ಅಂಗುಲದ ಅಳತೆಯವು. ಅರ್ಧ ಅಂಗುಲ ಎಂದರೆ 12.7 ಮಿ.ಮೀ.; ಅದಕ್ಕೆ 13ರ ಪಾನಾ ಹಾಕಿದರೆ ಹಿಡಿದಂತೆ ಅನಿಸುತ್ತದೆ, ಜೋರು ಕೊಟ್ಟಾಗ ಜಾರಿ ಬೋಲ್ಟಿನ ಮೂಲೆಗಳನ್ನು ಸವೆಸುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ.

ಬೋಲ್ಟು ಸಡಿಲಿಸುವ ಮೊದಲು ಏನೇನು ನೋಡಿಕೊಳ್ಳಬೇಕು?

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ. ಶಹಾಬಾದ್ ಕಲ್ಲು ಹಾಸಿದ ಅಂಗಳವಾದರೆ ಒಳ್ಳೆಯದು. ಒಂದು ಚಕ್ರ ಕಲ್ಲಿನ ಮೇಲೋ ಗುಂಡಿಯಲ್ಲೋ ಇದ್ದರೆ ಬಾಡಿ ತಿರುಚಿ ಸಂದೇ ಬದಲಾಗುತ್ತದೆ. ನಾಲ್ಕೂ ಚಕ್ರದ ಗಾಳಿ ಸಮ ಮಾಡಿ, ಡಿಕ್ಕಿಯ ಸಾಮಾನು ಹೊರಗಿಡಿ.

ಆಮೇಲೆ ಬಾಗಿಲನ್ನು ಅರ್ಧ ತೆರೆದು, ಕೆಳ ಅಂಚನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ಹಿಂಜಿನ ಬಳಿ ಕಟಕಟ ಎಂದರೆ ಪಿನ್ ಸವೆದಿದೆ, ಅದನ್ನು ಮೊದಲು ಸರಿಮಾಡದೆ ಉಳಿದದ್ದೆಲ್ಲ ವ್ಯರ್ಥ. ಅಲ್ಲಾಡದಿದ್ದರೆ ಮುಂದುವರಿಯಿರಿ. ಹಿಂಜಿನ ತಗಡು ಮತ್ತು ಬೋಲ್ಟಿನ ತಲೆಯ ಸುತ್ತ ಸೂಜಿಮೊನೆಯ ಮಾರ್ಕರಿನಿಂದ ಗೆರೆ ಎಳೆಯಿರಿ. ಎಷ್ಟು ಸರಿಯಿತು ಎಂಬುದನ್ನು ಹೇಳುವುದೂ ಆ ಗೆರೆಯೇ, ಕೆಟ್ಟರೆ ಮೊದಲಿನ ಜಾಗಕ್ಕೆ ಮರಳಿಸುವುದೂ ಆ ಗೆರೆಯೇ. ಬಾಗಿಲಿನ ಅಂಚಿಗೂ ಎದುರಿನ ಬಾಡಿಯ ಅಂಚಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ. ಹಿಂದಿನ ಗಾಜಿನ ಕೆಳಗೆ ದಪ್ಪ ಟವೆಲ್ ಹಾಸಿ. ಹಿಡಿತ ತಪ್ಪಿದರೆ ಬಾಗಿಲಿನ ಮೂಲೆ ಮೊದಲು ಹೋಗಿ ತಾಗುವುದು ಗಾಜಿಗೇ.

ಬಲಗಡೆ ಸಂದು ದೊಡ್ಡದು, ಎಡಗಡೆ ಉಜ್ಜುತ್ತದೆ. ಯಾವ ಬೋಲ್ಟನ್ನು ಯಾವ ಕಡೆಗೆ ಸರಿಸಬೇಕು?

ಎಲ್ಲಕ್ಕಿಂತ ಮೊದಲು ಬೀಗದ ಕೊಂಡಿಯನ್ನು ಬಿಚ್ಚಿ ತೆಗೆದಿಡಿ. ಬೀಗದ ನಾಲಿಗೆ ಹೋಗಿ ಸಿಕ್ಕಿಕೊಳ್ಳುವ, ಬಾಡಿಯ ಮೇಲಿನ ಆ ತುಂಡೇ ಬಾಗಿಲನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅದು ಇರುವವರೆಗೆ ಬಾಗಿಲು ತಾನಾಗಿ ಎಲ್ಲಿ ಕೂರುತ್ತದೆ ಎಂಬುದು ನಿಮಗೆ ತಿಳಿಯುವುದೇ ಇಲ್ಲ. ಬಿಚ್ಚಿದ ಮೇಲೆ ಬಾಗಿಲನ್ನು ಮೆಲ್ಲಗೆ ಇಳಿಸಿ, ಕಾರಿನ ಹಿಂದೆ ನಿಂತು ನೋಡಿ. ಇಲ್ಲಿಂದ ಮುಂದೆ ಎಡಬಲ ಎಂದರೆ ಹಾಗೆ ನಿಂತ ನಿಮ್ಮ ಎಡಬಲ.

ಬಲಗಡೆಯ ಸಂದು ಮೇಲಿನಿಂದ ಕೆಳಗಿನವರೆಗೂ ಒಂದೇ ಸಮನಾಗಿ ಅಗಲವಿದ್ದರೆ ಇಡೀ ಬಾಗಿಲು ಎಡಕ್ಕೆ ಸರಿದಿದೆ. ಎರಡೂ ಹಿಂಜಿನ ಬೋಲ್ಟುಗಳನ್ನು ಸಡಿಲಿಸಿ ಬಾಗಿಲನ್ನು ಬಲಕ್ಕೆ ಸರಿಸಿ. ಸರಿಸಬೇಕಾದದ್ದು ಎರಡು ಸಂದುಗಳ ವ್ಯತ್ಯಾಸದ ಅರ್ಧದಷ್ಟು: ಬಲಕ್ಕೆ 8, ಎಡಕ್ಕೆ 2 ಇದ್ದರೆ 3 ಮಿ.ಮೀ. ಸರಿಸಿದಾಗ ಎರಡೂ 5 ಆಗುತ್ತವೆ.

ಮೇಲೆ ಸಂದು ಸರಿಯಿದ್ದು ಕೆಳಗಿಳಿದಂತೆ ಬಲಗಡೆ ಅಗಲವಾಗುತ್ತಾ ಹೋದರೆ ಅದು ಬೇರೆ ಕಥೆ. ಬಾಗಿಲು ಸರಿದಿಲ್ಲ, ತಿರುಗಿದೆ. ಕೆಳ ಅಂಚು ಎಡಕ್ಕೆ ವಾಲಿದೆ. ಆಗ ಎಡ ಹಿಂಜಿನಲ್ಲಿ ಬಾಗಿಲನ್ನು ತುಸು ಬಂಪರ್ ಕಡೆಗೆ ಸರಿಸಿ, ಇಲ್ಲವೇ ಬಲ ಹಿಂಜಿನಲ್ಲಿ ತುಸು ಗಾಜಿನ ಕಡೆಗೆ ತನ್ನಿ. ಎರಡರಲ್ಲಿ ಯಾವುದು ಎಂಬುದನ್ನು ಗಾಜಿನ ಹತ್ತಿರದ ಸಂದು ಹೇಳುತ್ತದೆ: ಅಲ್ಲಿ ಬಲಗಡೆ ಅಗಲವಿದ್ದರೆ ಬಲ ಹಿಂಜು, ಎಡಗಡೆ ಕಿರಿದಿದ್ದರೆ ಎಡ ಹಿಂಜು. ಇದನ್ನು ಬಿಟ್ಟು ಇಡೀ ಬಾಗಿಲನ್ನು ಬಲಕ್ಕೆ ತಳ್ಳಿದರೆ ಕೆಳಗಿನದು ಸರಿಹೋಗಿ ಮೇಲಿನದು ಕೆಡುತ್ತದೆ. ಗ್ಯಾರೇಜಿನಲ್ಲಿ ಇಡೀ ದಿನ ಕಳೆದರೂ ಕೆಲಸ ಮುಗಿಯದಿರುವುದು ಹೆಚ್ಚಾಗಿ ಈ ಎರಡನ್ನು ಬೇರ್ಪಡಿಸಿ ನೋಡದಿದ್ದುದರಿಂದಲೇ.

ಬೋಲ್ಟನ್ನು ಪೂರ್ತಿ ಬಿಚ್ಚಬೇಡಿ. ಅಂಗೈಯಿಂದ ಒತ್ತಿದಾಗ ಬಾಗಿಲು ಕದಲಬೇಕು, ಕೈ ತೆಗೆದಾಗ ಅಲ್ಲೇ ನಿಲ್ಲಬೇಕು. ಅಷ್ಟು ಸಡಿಲ ಸಾಕು. ಒಂದು ಸಲಕ್ಕೆ ಒಂದೇ ದಿಕ್ಕು; ತಿರುಗಿದ ಬಾಗಿಲಾದರೆ ಒಂದೇ ಹಿಂಜು. ಬಿಗಿ ಮಾಡಿ, ಮುಚ್ಚಿ, ಅಳೆದು, ಮತ್ತೆ ತೆರೆಯಿರಿ. ಬಿಗಿಯುವಾಗ ವಾಷರಿನ ಜೊತೆ ತಗಡೂ ತಿರುಗಿ ಒಂದಿಷ್ಟು ಸರಿಯುವುದುಂಟು. ಅದಕ್ಕೇ ಇನ್ನೊಬ್ಬರು ಬಾಗಿಲನ್ನು ಗಟ್ಟಿಯಾಗಿ ಹಿಡಿದಿರಬೇಕು ಎನ್ನುವುದು.

ಗಾಜಿನ ಹತ್ತಿರದ ಅಂಚು ಮಾತ್ರ ಮೇಲೆದ್ದಿದೆ. ವಾಷರ್ ಹಾಕಬೇಕೇ, ತೆಗೆಯಬೇಕೇ?

ಹಿಂಜಿನ ಮೇಲೆ ಬಾಗಿಲು ಕೂತಿದ್ದರೆ ನಡುವೆ ಹಾಕಿದ ತೆಳು ವಾಷರ್ ಬಾಗಿಲನ್ನು ಎತ್ತುತ್ತದೆ, ತೆಗೆದರೆ ಇಳಿಯುತ್ತದೆ. ಆದ್ದರಿಂದ ಮೊದಲು ಹಳಬರು ಯಾರಾದರೂ ವಾಷರ್ ತುಂಬಿದ್ದಾರೆಯೇ ನೋಡಿ, ಇದ್ದರೆ ತೆಗೆಯಿರಿ. ಹಿಂಜನ್ನು ಬಾಡಿಯ ತಗಡಿನ ಅಡಿಯಿಂದ ಬಿಗಿದಿರುವ ಕಾರುಗಳಲ್ಲಿ ಆ ಬದಿಗೆ ಹಾಕಿದ ವಾಷರ್ ಇದಕ್ಕೆ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ವಾಷರ್ ಯಾವ ಎರಡರ ನಡುವೆ ಕೂರುತ್ತಿದೆ ಎಂದು ನೋಡಿಕೊಂಡರೆ ಉತ್ತರ ಅಲ್ಲೇ ಇರುತ್ತದೆ.

ಹೊಸ ರಬ್ಬರ್ ಹಾಕಿಸಿದ ಮೇಲೆ ಡಿಕ್ಕಿ ಮುಚ್ಚುತ್ತಲೇ ಇಲ್ಲ. ಹಿಂಜು ಸರಿಸಲೇ?

ಹಿಂಜಿನ ತಂಟೆಗೆ ಹೋಗಬೇಡಿ. ಮೀಟರ್ ಲೆಕ್ಕದಲ್ಲಿ ಸಿಗುವ ರಬ್ಬರ್ ಬೀಡಿಂಗ್ ನಿಮ್ಮ ಕಾರಿನದಕ್ಕಿಂತ ದಪ್ಪವಿರಬಹುದು, ಇಲ್ಲವೇ ಗಟ್ಟಿಯಿರಬಹುದು. ಹಳೆಯ ರಬ್ಬರಿನ ಒಂದು ಗೇಣು ತುಂಡು ಒಯ್ದು, ಅಡ್ಡಕ್ಕೆ ಕೊಯ್ದ ಮುಖವನ್ನು ಅಂಗಡಿಯಲ್ಲಿ ಹೊಂದಿಸಿ ನೋಡಿ ಕೊಳ್ಳಿ. ಬೆರಳಿನಿಂದ ಒತ್ತಿದರೆ ಸಲೀಸಾಗಿ ಚಪ್ಪಟೆಯಾಗುವುದೇ ಬೇಕು.

ಎಲ್ಲಿ ತಡೆಯುತ್ತಿದೆ ಎಂದು ತಿಳಿಯಲು ರಬ್ಬರಿನ ನೆತ್ತಿಗೆ ಸೀಮೆಸುಣ್ಣ ಸವರಿ, ಬಾಗಿಲು ಮುಚ್ಚಿ ತೆರೆಯಿರಿ. ಬಾಗಿಲಿನ ಒಳಮೈಯಲ್ಲಿ ಬಿಳಿ ಗೆರೆ ಮೂಡುತ್ತದೆ. ಗೆರೆ ದಪ್ಪವಿದ್ದಲ್ಲಿ ರಬ್ಬರ್ ಜಾಸ್ತಿ ಒತ್ತುತ್ತಿದೆ, ಗೆರೆ ತುಂಡಾದಲ್ಲಿ ಮುಟ್ಟುತ್ತಲೇ ಇಲ್ಲ. ರಬ್ಬರ್ ಸರಿಯಾದದ್ದೇ ಆಗಿದ್ದರೆ ಕೆಲವು ವಾರ ಮುಚ್ಚಿಟ್ಟ ಮೇಲೆ ತಾನೇ ಹೊಂದಿಕೊಳ್ಳುತ್ತದೆ. ಎರಡು ತುದಿ ಕೂಡುವ ಜಾಗ ಕೆಳಗಡೆ, ಬೀಗದ ಹತ್ತಿರ ಬರುವಂತೆ ಹಾಕಿಸಿ. ಮೇಲ್ಗಡೆ ಬಂದರೆ ಮಳೆನೀರಿಗೆ ಅದೇ ಬಾಗಿಲಾಗುತ್ತದೆ.

ಬೀಗದ ಕೊಂಡಿಯನ್ನೇ ಬಗ್ಗಿಸಿ ಎಳೆದು ಮುಚ್ಚಿಸಿದರೆ ಆಗದೇ?

ಆಗದು. ಬೀಗದ ಕೆಲಸ ಮುಚ್ಚಿದ ಬಾಗಿಲನ್ನು ಹಿಡಿದಿಡುವುದು. ಓರೆ ಬಾಗಿಲನ್ನು ನೇರ ಮಾಡುವ ಹೊಣೆ ಅದಕ್ಕೆ ಹೊರಿಸಿದರೆ ನಾಲಿಗೆ ಸವೆದು ಒಂದು ದಿನ ಹುಮನಾಬಾದ್ ರಸ್ತೆಯ ಮಧ್ಯದಲ್ಲಿ ಡಿಕ್ಕಿ ತೆರೆದುಕೊಳ್ಳುತ್ತದೆ. ಸಂದು ಸರಿಯಾದ ಮೇಲೆ ಕೊಂಡಿಯನ್ನು ಸಡಿಲವಾಗಿ ಹಾಕಿ, ಬಾಗಿಲು ಮೆಲ್ಲಗೆ ಮುಚ್ಚಿ ಅದು ತನ್ನ ಜಾಗ ಹುಡುಕಿಕೊಳ್ಳಲು ಬಿಟ್ಟು, ಬಳಿಕ ಬಿಗಿಯಿರಿ.

ಸಂದು ಸಮವಾಯಿತು, ರಬ್ಬರೂ ಹೊಸದು. ಆದರೂ ಮಳೆನೀರು ಬರುತ್ತಿದೆಯಲ್ಲ?

ನೀರು ಬಾಗಿಲಿನಿಂದಲೇ ಬರಬೇಕೆಂದಿಲ್ಲ. ಟೇಲ್‌ಲ್ಯಾಂಪಿನ ರಬ್ಬರ್, ಹಿಂದಿನ ಗಾಜಿನ ರಬ್ಬರ್, ನಂಬರ್ ಪ್ಲೇಟ್ ದೀಪದ ವಯರು ಹೋಗುವ ತೂತು, ಎಲ್ಲವೂ ದಾರಿಗಳೇ. ಡಿಕ್ಕಿಯ ನೆಲ, ಗೋಡೆಗಳಿಗೆ ಟಾಲ್ಕಂ ಪುಡಿ ಉದುರಿಸಿ, ಮುಚ್ಚಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಭಾಗಕ್ಕೆ ಪೈಪಿನಿಂದ ನೀರು ಬಿಡಿ. ತೆರೆದರೆ ನೀರು ಹರಿದ ಗೆರೆ ಪುಡಿಯಲ್ಲಿ ಕಾಣುತ್ತದೆ.

ರಬ್ಬರಿನ ಹೊರಗಿರುವ ಕಾಲುವೆಯನ್ನೂ ನೋಡಿ. ವಾಡಿ, ಶಹಾಬಾದ್, ಮಳಖೇಡ, ಸೇಡಂ ಸುತ್ತ ಓಡಾಡುವ ಕಾರುಗಳಲ್ಲಿ ಸಿಮೆಂಟಿನ ಧೂಳು ಅಲ್ಲಿ ಕೂತು, ಮೊದಲ ಮಳೆಗೆ ಕಲ್ಲಾಗಿಬಿಡುತ್ತದೆ. ನೀರು ಹೋಗುವ ತೂತು ಮುಚ್ಚಿದರೆ ಕಾಲುವೆ ತುಂಬಿ ಒಳಗೇ ಹರಿಯುತ್ತದೆ. ಎರೆಮಣ್ಣಾದರೆ ಗಟ್ಟಿಯಾಗುವುದಿಲ್ಲ, ಆದರೆ ಪಸೆ ಹಿಡಿದಿಟ್ಟುಕೊಂಡು ಒಳಗಿಂದೊಳಗೆ ತಗಡನ್ನು ತಿನ್ನುತ್ತದೆ. ಮರದ ಕಡ್ಡಿಯಿಂದ ಬಿಡಿಸಿ. ಸ್ಕ್ರೂಡ್ರೈವರ್ ಬೇಡ, ಬಣ್ಣ ಕೆರೆದು ಹೊಸ ತುಕ್ಕಿಗೆ ದಾರಿಯಾಗುತ್ತದೆ.

## ಹಠಮಾರಿ ತೊಂದರೆಗಳು

ಎಲ್ಲ ಸರಿಯಿದೆ, ಕೆಳಗಿನ ಒಂದು ಮೂಲೆ ಮಾತ್ರ ಮೇಲೆ ನಿಲ್ಲುತ್ತದೆ.

ರಬ್ಬರನ್ನು ಆ ಮೂಲೆಯಲ್ಲಿ ತಾತ್ಕಾಲಿಕವಾಗಿ ಬಿಡಿಸಿ ನೋಡಿ. ಆಗ ಕೂತರೆ ತಪ್ಪು ರಬ್ಬರಿನದು. ಕೂರದಿದ್ದರೆ ಬಾಗಿಲೇ ತಿರುಚಿದೆ. ಮೇಲೆ ನಿಂತ ಮೂಲೆಯ ಎದುರು ಬದಿಯ ಮೂಲೆಯ ಕೆಳಗೆ ಬಟ್ಟೆ ಸುತ್ತಿದ ಮರದ ತುಂಡು ಇಟ್ಟು, ಮೇಲೆದ್ದ ಮೂಲೆಯನ್ನು ಎರಡೂ ಅಂಗೈಗಳಿಂದ ನಿಧಾನವಾಗಿ ಒತ್ತಬೇಕು. ಅಂಗೈ ಅಂಚಿನ ಹತ್ತಿರ, ಒಳಚೌಕಟ್ಟು ಇರುವ ಕಡೆಯೇ ಇರಲಿ. ನಡು ತಗಡಿನ ಮೇಲೆ ಒತ್ತಿದರೆ ತಗ್ಗು ಬೀಳುತ್ತದೆ. ಸ್ವಲ್ಪ ಒತ್ತಿ, ಮರ ತೆಗೆದು, ಮುಚ್ಚಿ ನೋಡಿ. ಹಳೆಯ ಪುಟ್ಟಿ (ತಗಡಿನ ತಗ್ಗು ತುಂಬಲು ಹಚ್ಚುವ ಲೇಪ) ಇರುವ ಬಾಗಿಲಾದರೆ ಇದನ್ನು ಮಾಡಲೇಬೇಡಿ, ಪುಟ್ಟಿ ಬಿರಿಯುತ್ತದೆ. ಒಂದು ಬೆರಳಿಗಿಂತ ಹೆಚ್ಚು ತಿರುಚಿದ್ದರೆ ಅನುಭವವಿರುವ ಟಿಂಕರ್ ಮಿಸ್ತ್ರಿಗೆ ಬಿಡಿ.

ಹಿಂಜಿನ ಪಿನ್ ಸವೆದಿದೆ, ಹೊಸ ಹಿಂಜು ಸಿಗುತ್ತಿಲ್ಲ.

ಲೇಥ್ ಕೆಲಸದವರ ಬಳಿ ಒಯ್ಯಿರಿ. ಸವೆದು ಮೊಟ್ಟೆಯಾಕಾರವಾದ ತೂತನ್ನು ದುಂಡಗೆ ದೊಡ್ಡದು ಮಾಡಿ, ಅದಕ್ಕೆ ತಕ್ಕ ದಪ್ಪನೆಯ ಪಿನ್ ಮಾಡಿಕೊಡುತ್ತಾರೆ. ಹಿತ್ತಾಳೆ ಬುಷ್ ಹಾಕಿಸಿದರೆ ಇನ್ನೂ ಬಾಳಿಕೆ. ಎರಡೂ ಹಿಂಜುಗಳಿಗೆ ಒಟ್ಟಿಗೇ ಮಾಡಿಸಿ. ಒಂದು ಎಚ್ಚರಿಕೆ: ಬಾಗಿಲನ್ನು ಎತ್ತಿ ಹಿಡಿಯಲು ತಿರುಚಿದ ಉಕ್ಕಿನ ಸರಳೋ ಸ್ಪ್ರಿಂಗೋ ಇರುವ ಕಾರುಗಳಲ್ಲಿ ಅದನ್ನು ಸುಮ್ಮನೆ ಬಿಚ್ಚಲು ಹೋಗಬೇಡಿ. ಅದರಲ್ಲಿ ತುಂಬಿರುವ ಬಲ ಒಮ್ಮೆಲೇ ಚಿಮ್ಮಿದರೆ ಕೈಬೆರಳು, ಕಣ್ಣು ಉಳಿಯುವುದಿಲ್ಲ.

ಹೈದರಾಬಾದಿನಿಂದ ಹಳೆಯ ಡಿಕ್ಕಿ ಬಾಗಿಲು ತಂದು ಹಾಕಿದರೆ ಹಾಗೆಯೇ ಕೂರುತ್ತದೆಯೇ?

ಕೂತರೆ ನಿಮ್ಮ ಅದೃಷ್ಟ. ಈ ಕಾರುಗಳ ಬಾಗಿಲನ್ನು ಆಯಾ ಬಾಡಿಗೆ ಹೊಂದುವಂತೆ ಕೈಯಿಂದ ಸರಿಪಡಿಸಿ ಕೂರಿಸಿರುತ್ತಾರೆ. ಇನ್ನೊಂದಕ್ಕೆ ಹಾಕಿದಾಗ ಮತ್ತೆ ಹೊಂದಿಸಲೇಬೇಕು. ನಿಮ್ಮ ಬಾಗಿಲಿನ ಕೆಳ ಅಂಚು ಮಾತ್ರ ತುಕ್ಕು ತಿಂದಿದ್ದರೆ ಆ ಭಾಗಕ್ಕಷ್ಟೇ ಹೊಸ ತಗಡು ಕೂಡಿಸಿ ನಿಮ್ಮದನ್ನೇ ಉಳಿಸಿಕೊಳ್ಳಿ. ತರಲೇಬೇಕಾದರೆ ಸೋಲಾಪುರವಾಗಲಿ ಹೈದರಾಬಾದಾಗಲಿ, ಟೇಪು ಹಿಡಿದು ಹೋಗಿ: ಮೇಲಗಲ, ಕೆಳಗಲ, ಉದ್ದ, ಎರಡು ಹಿಂಜುಗಳ ನಡುವಿನ ಅಂತರ ಬರೆದುಕೊಂಡಿರಬೇಕು. ಹೊಸದಾಗಿ ಬಣ್ಣ ಬಳಿದ ಹಳೆಯ ಬಾಗಿಲಿಗೆ ಆಯಸ್ಕಾಂತ ಹಿಡಿದು ನೋಡಿ. ಹಿಡಿಯದ ಕಡೆ ಪುಟ್ಟಿ ದಪ್ಪನಾಗಿ ಕೂತಿದೆ.

ಹಿಂದಿನಿಂದ ಟ್ರ್ಯಾಕ್ಟರ್ ತಾಗಿದೆ. ಬಾಗಿಲು ಸರಿಮಾಡಿಸಿದರೂ ಮತ್ತೆ ಓರೆಯಾಗುತ್ತದೆ.

ಬಾಗಿಲನ್ನು ಬಿಟ್ಟು ಅದರ ಚೌಕಟ್ಟನ್ನು ಅಳೆಯಿರಿ. ಡಿಕ್ಕಿ ಬಾಯಿಯ ಮೇಲಿನ ಎಡಮೂಲೆಯಿಂದ ಕೆಳಗಿನ ಬಲಮೂಲೆಗೆ ದಾರ ಹಿಡಿದು ಗುರುತು ಮಾಡಿ, ಅದೇ ದಾರವನ್ನು ಇನ್ನೆರಡು ಮೂಲೆಗಳಿಗೆ ಹಿಡಿಯಿರಿ. 3–4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚೌಕಟ್ಟೇ ಸೊಟ್ಟಗಾಗಿದೆ. ಅದನ್ನು ಜಾಕಿ ಕೊಟ್ಟು ಎಳೆದು ಸರಿಮಾಡುವ ಬಾಡಿ ಕೆಲಸದವರ ಬಳಿ ಒಯ್ಯಬೇಕು. ಎಷ್ಟು ಎಳೆಯಬೇಕೋ ಅಷ್ಟನ್ನು ದಾರ ಹಿಡಿದು ನಿಮ್ಮೆದುರೇ ಅಳೆಯಲು ಹೇಳಿ.

ಪುಟ್ಟಿ ಹಚ್ಚಿ ಸಂದು ಸಮ ಮಾಡಿಕೊಡುತ್ತೇವೆ ಎನ್ನುತ್ತಾರೆ. ಒಪ್ಪಲೇ?

ದಯವಿಟ್ಟು ಒಪ್ಪಬೇಡಿ. ತೆಳ್ಳಗಿನ ತಗ್ಗು ತುಂಬಲು ಪುಟ್ಟಿ ಸರಿ. ಬಾಗಿಲಿನ ಅಂಚಿಗೆ ಅದನ್ನು ಕಟ್ಟಿ ಅಗಲ ಹೆಚ್ಚಿಸಿದರೆ ಪ್ರತಿ ಸಲ ಮುಚ್ಚುವಾಗಲೂ ಅದು ಅದುರಿ, ಕೂದಲಿನಂಥ ಬಿರುಕು ಬಿಟ್ಟು, ಅಡಿಯಲ್ಲಿ ನೀರು ಹಿಡಿದಿಡುತ್ತದೆ. ಅಂಚು ನಿಜವಾಗಿಯೂ ಕಡಿಮೆಯಿದ್ದರೆ ತಗಡನ್ನೇ ಕೂಡಿಸಬೇಕು.

ವೆಲ್ಡಿಂಗ್ ಮಾಡಿಸುವಾಗ ನಾನು ಏನು ಗಮನಿಸಬೇಕು?

ಪೆಟ್ರೋಲ್ ಟ್ಯಾಂಕ್ ಕಾರಿನ ಹಿಂಭಾಗದಲ್ಲೇ ಇದೆ. ಡಿಕ್ಕಿಯ ಬಾಡಿಗೆ ಬೆಂಕಿ ಮುಟ್ಟಿಸುವ ಮೊದಲು ಟ್ಯಾಂಕ್ ಇಳಿಸಿ ದೂರ ಇಡಬೇಕು. ಖಾಲಿ ಟ್ಯಾಂಕಿನಲ್ಲಿ ಆವಿ ತುಂಬಿರುವುದರಿಂದ ಅದು ಹೆಚ್ಚು ಅಪಾಯ. ಗ್ಯಾಸ್ ಕಿಟ್ ಇದ್ದರೆ ಸಿಲಿಂಡರ್ ತೆಗೆಸಿ, ಬ್ಯಾಟರಿಯ ತಂತಿ ಬಿಚ್ಚಿಸಿ. ‘ಒದ್ದೆ ಗೋಣಿಚೀಲ ಹೊದಿಸಿದರೆ ಸಾಕು’ ಎನ್ನುವವರ ಕೈಗೆ ಕಾರು ಕೊಡಬೇಡಿ.

ಕಾರಿಗೆ ಐವತ್ತು ವರ್ಷ ದಾಟಿದೆ, ವಿಂಟೇಜ್ ನೋಂದಣಿ ಮಾಡಿಸಬೇಕೆಂದಿದ್ದೇವೆ. ಡಿಕ್ಕಿ ದುರಸ್ತಿಯಿಂದ ಅಡ್ಡಿಯಾಗುತ್ತದೆಯೇ?

ಹಿಂಜು ಸರಿಸುವುದು, ರಬ್ಬರ್ ಬದಲಿಸುವುದು, ತುಕ್ಕು ತಿಂದ ಕಡೆ ಅದೇ ಆಕಾರದ ತಗಡು ಕೂಡಿಸುವುದು ದುರಸ್ತಿ. ಇದಕ್ಕೆ ಯಾರೂ ಬೇಡ ಎನ್ನುವುದಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಲ್ಲಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರಗಳಿರುವ ಬೇರೆ ಸಂಖ್ಯೆ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್‌ಗಳನ್ನು ಗಣನೀಯವಾಗಿ ಬದಲಿಸಿರಬಾರದು ಎಂಬುದು ಷರತ್ತು. ಹಾಗಾಗಿ ಡಿಕ್ಕಿ ಬಾಯಿಯನ್ನು ಕೊಯ್ದು ಬೇರೆ ಕಾರಿನ ಬಾಗಿಲು ಕೂರಿಸುವ ಸಲಹೆಗೆ ಕಿವಿಗೊಡಬೇಡಿ. ಕೆಲಸಕ್ಕೆ ಮೊದಲು, ನಡುವೆ, ಆದ ಮೇಲೆ ಫೋಟೊ ತೆಗೆದಿಡಿ, ಬಿಚ್ಚಿದ ಮೂಲ ಹಿಂಜು, ಬೀಗ, ಹಿಡಿಗಳನ್ನು ಹೆಸರು ಬರೆದ ಡಬ್ಬಿಯಲ್ಲಿ ಹಾಕಿಡಿ. ಆ ವಿಭಾಗದಲ್ಲಿ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಗಂಜಿಗೆ ಹೋಗಿಬರಲು ಅದೇ ಕಾರು ಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳಿ.